ಎಂಬತ್ತು ಸೆಂಟು ಮಳೆ

ಹಾನುಬಾಳು ಕಡೆ ಮಾರ್ಚ್ ತಿಂಗಳಲ್ಲಿ ಇಬ್ಬರು ಎದುರಾದರೆ ಮೊದಲು ಕ್ಷೇಮ ಸಮಾಚಾರ ಕೇಳುವುದಿಲ್ಲ. "ನಿಮ್ಮಲ್ಲಿ ಎಷ್ಟಾಯ್ತು?" ಅನ್ನುತ್ತಾರೆ. ಕೇಳುತ್ತಿರುವುದು ಮಳೆಯನ್ನು. ಉತ್ತರ ಇಂಚು, ಸೆಂಟುಗಳಲ್ಲೇ ಬರಬೇಕು: "ಒಂದು ಇಂಚು ಹತ್ತು ಸೆಂಟು", "ನಮ್ದು ಬರೀ ಅರವತ್ತು ಸೆಂಟು ಕಣ್ರೀ". ಇಂಚನ್ನು ನೂರು ಪಾಲು ಮಾಡಿದರೆ ಒಂದು ಪಾಲು ಒಂದು ಸೆಂಟು. ನಾನು ಅರಸೀಕೆರೆ ಕಡೆಯ ಬಯಲುಸೀಮೆಯವನು. ನಮ್ಮೂರಲ್ಲಿ ಮಳೆ ಬಂತು, ಇಲ್ಲವೇ ಬರಲಿಲ್ಲ. ಮೂರನೆಯ ಉತ್ತರ ಇರಲಿಲ್ಲ. ತೊಂಬತ್ತರ ದಶಕದ ನಡುವೆ ಹಾನುಬಾಳು ಕಡೆಯ ಒಂದು ಹೈಸ್ಕೂಲಿಗೆ ಗಣಿತ, ವಿಜ್ಞಾನದ ಮೇಷ್ಟ್ರಾಗಿ ಬಂದಾಗ ಈ ಸೆಂಟಿನ ಮಾತು ಕೇಳಿ ಒಳಗೊಳಗೇ ನಕ್ಕಿದ್ದೆ. ಹಾಗೆ ನಗುವ ಬುದ್ಧಿ ಆಗ ನನಗೆ ಜಾಸ್ತಿಯೇ ಇತ್ತು.

ಇಪ್ಪತ್ತೇಳು ವರ್ಷ. ಬಿ.ಎಸ್ಸಿ.ಯಲ್ಲಿ ಗಣಿತಕ್ಕೆ ಒಳ್ಳೆಯ ಅಂಕ ಬಂದಿತ್ತು, ಅದು ತಲೆಗೂ ಏರಿತ್ತು. ಪುಸ್ತಕದ ಲೆಕ್ಕ ಮಾಡಿಸಿ ಮಾಡಿಸಿ ಬೇಜಾರಾಗಿ, ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಒಂದು ಕೂಟ ಶುರು ಮಾಡಿದೆ. ಪರೀಕ್ಷೆಗೆ ಬಾರದ ಲೆಕ್ಕಗಳ ಕೂಟ ಅಂತಲೇ ಅದಕ್ಕೆ ಹೆಸರು. ಯಾರು ಬೇಕಾದರೂ ಬರಬಹುದು ಎಂದು ಬೋರ್ಡಿನ ಮೇಲೆ ಬರೆದಿದ್ದೆ. ಹತ್ತು ಹನ್ನೆರಡು ಮಕ್ಕಳು ಬರುತ್ತಿದ್ದರು. ದೊಡ್ಡವರು ಇಬ್ಬರೇ. ಒಬ್ಬರು ಹತ್ತಿರದ ಎಸ್ಟೇಟಿನ ರೈಟರ್, ಅಂದರೆ ಆಳುಗಳ ಹಾಜರಿ ಬರೆಯುವ ಗುಮಾಸ್ತರು. ಇನ್ನೊಬ್ಬರು ಅದೇ ಎಸ್ಟೇಟಿನ ಲೈನಿನಲ್ಲಿ, ಆಳುಗಳ ಸಾಲುಮನೆಯಲ್ಲಿದ್ದ ಒಬ್ಬ ಕೂಲಿ ಹೆಂಗಸು.

ಆಕೆ ನಲವತ್ತರ ಆಸುಪಾಸಿನವರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದರಂತೆ. ಮಗಳು ನಮ್ಮಲ್ಲೇ ಒಂಬತ್ತನೇ ಕ್ಲಾಸಿನಲ್ಲಿದ್ದಳು. ಮಗಳನ್ನು ಕರೆದುಕೊಂಡು ಹೋಗಲು ಬಂದವರು ಮೊದಲ ವಾರ ಬಾಗಿಲಲ್ಲಿ ನಿಂತರು, ಎರಡನೇ ವಾರ ಹೊಸಿಲ ಹತ್ತಿರ ಕೂತರು, ಮೂರನೇ ವಾರ ಹಿಂದಿನ ಬೆಂಚಿಗೆ ಬಂದರು. ಅಲ್ಲಿಂದ ಒಂದು ಶನಿವಾರವೂ ತಪ್ಪಿಸಲಿಲ್ಲ.

ಒಂದು ವಾರ ಬೆಂಚಿನ ಮೇಲೆ ಕಾಫಿ ಬೀಜ ಹರವಿದ್ದೆ. ಒಂದು ಬೀಜ. ಅದಕ್ಕೆ ಮೂರು ಸೇರಿಸಿದರೆ ನಾಲ್ಕು, ಐದು ಸೇರಿಸಿದರೆ ಒಂಬತ್ತು, ಏಳು ಸೇರಿಸಿದರೆ ಹದಿನಾರು. ಬೆಸ ಸಂಖ್ಯೆಗಳನ್ನು ಸಾಲಾಗಿ ಕೂಡುತ್ತ ಹೋದರೆ ವರ್ಗ ಸಂಖ್ಯೆಗಳೇ ಬರುತ್ತವೆ, ಎಷ್ಟು ದೂರ ಹೋದರೂ ತಪ್ಪುವುದಿಲ್ಲ. ಯಾಕೆ? ಮಕ್ಕಳು ಕೂಡಿ ಕೂಡಿ ನೋಡಿದರು. ಆಕೆ ಎದ್ದು ಬಂದು ಒಂಬತ್ತು ಬೀಜವನ್ನು ಚೌಕವಾಗಿ ಜೋಡಿಸಿ, ಎರಡು ಬದಿಗೆ ಮೂರು ಮೂರು ಬೀಜ, ಮೂಲೆಗೆ ಒಂದು ಬೀಜ ಇಟ್ಟರು. ಚೌಕ ದೊಡ್ಡದಾಯಿತು, ಚೌಕವಾಗಿಯೇ ಉಳಿಯಿತು.

"ಪಾತಿ ದೊಡ್ಡದು ಮಾಡ್ದಂಗೆ ಅಲ್ವಾ ಸಾ? ಎರಡು ಕಡೆ ಒಂದೊಂದು ಸಾಲು, ಮೂಲೇಗೊಂದು" ಅಂದರು.

ರುಜುವಾತು ಅಂದರೆ ಅಷ್ಟೇ, ಅದಕ್ಕಿಂತ ಒಂದಕ್ಷರ ಹೆಚ್ಚು ಬೇಡ. ನನಗೆ ಸಂತೋಷ ಆಗಬೇಕಿತ್ತು. ಆದದ್ದು ಕಿರಿಕಿರಿ. ಅರ್ಧ ಗಂಟೆ ಎಲ್ಲರನ್ನೂ ಆಟ ಆಡಿಸಿ ಕೊನೆಗೆ ನಾನು ಬಿಚ್ಚಬೇಕೆಂದಿದ್ದ ಗಂಟನ್ನು ಆಕೆ ಎರಡು ನಿಮಿಷಕ್ಕೆ ಬಿಚ್ಚಿಬಿಟ್ಟಿದ್ದರು. "ಪರವಾಗಿಲ್ವೇ" ಎಂದು ನಕ್ಕೆ. ಆ 'ಪರವಾಗಿಲ್ವೇ' ಎಂಥದ್ದು ಎಂದು ನನಗೆ ಈಗ ಗೊತ್ತಾಗುತ್ತದೆ.

ಇನ್ನೊಂದು ವಾರ ಹಗ್ಗದ ಲೆಕ್ಕ. ಕಿತ್ತಳೆ ಹಣ್ಣಿಗೆ ಬಿಗಿಯಾಗಿ ಒಂದು ದಾರ ಸುತ್ತಿದೆ. ಭೂಮಿಗೂ ಹಾಗೇ ಒಂದು ಹಗ್ಗ ಸುತ್ತಿದೆ ಅಂದುಕೊಳ್ಳಿ. ಎರಡನ್ನೂ ಸುತ್ತಲೂ ಒಂದೊಂದು ಅಡಿ ಮೇಲೆ ನಿಲ್ಲಿಸಬೇಕು. ಯಾವುದಕ್ಕೆ ಎಷ್ಟು ಉದ್ದ ಹೆಚ್ಚಿಗೆ ಬೇಕು? ರೈಟರು ಭೂಮಿಗೆ ಸಾವಿರಾರು ಮೈಲಿ ಬೇಕಾದೀತು ಅಂದರು. ಎರಡಕ್ಕೂ ಆರೂಕಾಲು ಅಡಿಗಿಂತ ಚೂರೇ ಚೂರು ಜಾಸ್ತಿ ಸಾಕು, ಕಿತ್ತಳೆಗೂ ಅಷ್ಟೇ, ಭೂಮಿಗೂ ಅಷ್ಟೇ. ರೈಟರು ಎಷ್ಟು ಹೇಳಿದರೂ ನಂಬಲಿಲ್ಲ. ಆಕೆ ಕಿತ್ತಳೆಯ ದಾರ ಬಿಚ್ಚಿ ನೋಡಿ, "ಹಂಗಾರೆ ಕೆಲವು ಲೆಕ್ಕಕ್ಕೆ ದೊಡ್ಡದು ಚಿಕ್ಕದು ಅನ್ನೋದೇ ಇಲ್ಲ ಅನ್ನಿ" ಅಂದರು. ಆ ಮಾತು ಆಕೆಯ ಒಳಗೆ ಹೋಗಿ ಕೂತಿತ್ತು. ಪಾಠ ಮಾಡಿದ ನನ್ನ ಒಳಗೆ ಹೋಗಿರಲಿಲ್ಲ.

ಆ ಎಸ್ಟೇಟಿನಲ್ಲಿ ಮಳೆ ಅಳೆಯುವ ಕೆಲಸ ಆಕೆಯದು. ಕಾಫಿ ಒಣಗಿಸುವ ಕಣದ ಪಕ್ಕದಲ್ಲಿ ರೈನ್‌ಗೇಜ್ ಇತ್ತು. ಮೇಲೆ ಐದು ಇಂಚು ಅಗಲದ ಆಲಿಕೆ, ಕೆಳಗೆ ನೀರು ತುಂಬುವ ಪಾತ್ರೆ. ಬೆಳಿಗ್ಗೆ ಎಂಟು ಗಂಟೆಗೆ ಆ ನೀರನ್ನು ಗೆರೆ ಹಾಕಿದ ಸಪೂರ ಗಾಜಿನ ಅಳತೆಗೆ ಸುರಿದು, ಎಷ್ಟನೇ ಗೆರೆಗೆ ಬಂತು ನೋಡಿ, ಸ್ಟೋರಿನ ಪುಸ್ತಕದಲ್ಲಿ ಆಕೆಯೇ ಕೈಯಾರೆ ಅಂಕಿ ಬರೆಯಬೇಕು. ಆಕೆ ಬರೆದ ಅಂಕಿಯನ್ನೇ ಎಸ್ಟೇಟಿನ ಯಜಮಾನರಾದ ಸಾಹುಕಾರರು ಅಕ್ಕಪಕ್ಕದ ಎಸ್ಟೇಟಿನವರಿಗೆ ಫೋನಿನಲ್ಲಿ ಹೇಳುತ್ತಿದ್ದರು. ಇಡೀ ಲೈನಿನಲ್ಲಿ ಸಾಹುಕಾರರು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಿದ್ದದ್ದು ಆಕೆಯೊಬ್ಬರ ಹತ್ತಿರ. ಆಕೆಗೆ ಅದರ ಹೆಮ್ಮೆ ಇತ್ತು. ಮಗಳ ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಮಳೆಯ ಅಂಕಿ ಬರೆದಿಟ್ಟುಕೊಂಡಿದ್ದನ್ನು ನಾನೇ ನೋಡಿದ್ದೆ.

ಆ ವರ್ಷ ಮಾರ್ಚಿನಲ್ಲಿ ಆ ಗಾಜಿನ ಅಳತೆ ಒಡೆದುಹೋಯಿತು. ಸ್ಟೋರಿನಲ್ಲಿ ಯಾರೋ ಮೂಟೆ ಎತ್ತುವಾಗ ತಾಗಿ ಬಿತ್ತಂತೆ. ಹೊಸದು ಬರುವ ಮೊದಲೇ ಒಂದು ಶುಕ್ರವಾರ ಸಂಜೆ ಗುಡುಗಿ ಮಳೆ ಬಂತು. ಅದು ಹೂಮಳೆ. ರೊಬಸ್ಟಾ ಕಾಫಿ ಗಿಡದಲ್ಲಿ ಮೊಗ್ಗು ಕಟ್ಟಿಕೊಂಡು ಕಾಯುತ್ತಿರುತ್ತದೆ. ಒಂದು ಇಂಚಾದರೂ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಹೂವಾಗುತ್ತದೆ. ಇಂಚಿಗಿಂತ ಕಡಿಮೆಯಾದರೆ ನಾಲ್ಕೈದು ದಿನದೊಳಗೆ ಸ್ಪ್ರಿಂಕ್ಲರ್ ಹಾಕಿ ಕೊರತೆ ತುಂಬಬೇಕು. ತುಂಬದಿದ್ದರೆ ಊದಿದ ಮೊಗ್ಗು ಬಿರಿಯದೆ ಕೆಂಪಾಗಿ ಒಣಗುತ್ತದೆ, ಆ ವರ್ಷದ ಫಸಲು ಹೋದಂತೆ. ಇಂಚು ಆಯಿತೋ ಇಲ್ಲವೋ ಎನ್ನುವುದರ ಮೇಲೆ ಎಲ್ಲ ನಿಂತಿರುವಾಗ ಅಳೆಯಲು ಗಾಜೇ ಇರಲಿಲ್ಲ.

ಆಕೆ ಏನು ಮಾಡಿದ್ದರು ಅಂದರೆ, ಮೋಡ ಕಟ್ಟಿದ್ದು ನೋಡಿ, ನೆಟ್ಟಗಿನ ಗೋಡೆಯ ಒಂದು ತಗಡಿನ ಡಬ್ಬಿಯನ್ನು ರೈನ್‌ಗೇಜಿನ ಪಕ್ಕದಲ್ಲೇ ಬಾಯಿ ತೆರೆದು ಇಟ್ಟಿದ್ದರು. ಬೆಳಿಗ್ಗೆ ಮಗಳ ಅಡಿಪಟ್ಟಿ ಇಳಿಬಿಟ್ಟು ನೋಡಿ ಎಂಬತ್ತು ಸೆಂಟು ಎಂದು ಬರೆದರು. ಪಕ್ಕದ ಎಸ್ಟೇಟಿನಲ್ಲಿ ಒಂದೂಕಾಲು ಇಂಚು ಆಗಿತ್ತು. ಸಾಹುಕಾರರಿಗೆ ಅನುಮಾನ ಬಂತು. ಕೆರೆಯಲ್ಲಿ ನೀರು ತಳ ಮುಟ್ಟಿತ್ತು. ಸುಮ್ಮನೆ ಸ್ಪ್ರಿಂಕ್ಲರ್ ಹಾಕಿ ಅದನ್ನೂ ಖಾಲಿ ಮಾಡಿಕೊಳ್ಳಲು ಯಾರಿಗೆ ಮನಸ್ಸು ಬಂದೀತು? ಶನಿವಾರ ಮಧ್ಯಾಹ್ನ ನಮ್ಮ ಕೂಟ ನಡೆಯುತ್ತಿದ್ದಾಗ ಜೀಪಿನಲ್ಲಿ ಬಂದಿಳಿದರು. ಹಿಂದೆ ರೈಟರು, ಅವರ ಹಿಂದೆ ಡಬ್ಬಿ ಹಿಡಿದುಕೊಂಡು ಆಕೆ.

"ಮೇಷ್ಟ್ರೇ, ಲೆಕ್ಕ ಬಲ್ಲೋರು ನೀವು. ಈ ಡಬ್ಬೀಲಿ ಅಳೆದದ್ದು ನಂಬಬೋದಾ? ನೀವು ಹೆಂಗೆ ಹೇಳಿದ್ರೆ ಹಂಗೆ" ಅಂದರು ಸಾಹುಕಾರರು.

ಮಕ್ಕಳೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ಒಂದು ನಿಮಿಷವೂ ಯೋಚಿಸಲಿಲ್ಲ. ಡಬ್ಬಿಯ ಬಾಯಿ ಅಳೆದೆ, ನಾಲ್ಕು ಇಂಚು. ಗೇಜಿನ ಬಾಯಿ ಐದು ಇಂಚು. ಅಗಲದ ಬಾಯಿಗೆ ನೀರು ಜಾಸ್ತಿ ಬೀಳುತ್ತದೆ, ಕಿರಿದಾದ ಬಾಯಿಗೆ ಕಡಿಮೆ. ಬೋರ್ಡಿನ ಮೇಲೆ ಐದೈದಲ ಇಪ್ಪತ್ತೈದು, ನಾಲ್ಕನಾಲ್ಕಲ ಹದಿನಾರು ಎಂದು ಬರೆದು, ಇಪ್ಪತ್ತೈದರಿಂದ ಗುಣಿಸಿ ಹದಿನಾರರಿಂದ ಭಾಗಿಸಿದೆ. ಎಂಬತ್ತು ಸೆಂಟು ಹೋಗಿ ಸರಿಯಾಗಿ ನೂರಿಪ್ಪತ್ತೈದು ಆಯಿತು. ಒಂದೂಕಾಲು ಇಂಚು. ಪಕ್ಕದ ಎಸ್ಟೇಟಿನ ಅಂಕಿಯೇ! ನನಗೆ ಮೈ ಜುಮ್ಮೆಂದಿತು. ರೈಟರು "ಆಹಾ" ಅಂದರು.

"ಇಲ್ಲ ಸಾ" ಅಂದರು ಆಕೆ. "ಅಗಲದ ಬಾಯಿಗೆ ನೀರು ಜಾಸ್ತಿ ಬೀಳ್ತೈತೆ, ಸರಿ. ಆದ್ರೆ ಅದು ಅಷ್ಟೇ ಅಗಲಕ್ಕೆ ಹರಡ್ಕೊಳ್ಳತ್ತೆ ಅಲ್ವಾ? ಎತ್ತರ ಒಂದೇ ಇರ್ತೈತೆ. ನಾನು ಹಿಂದೆ ಎರಡು ಡಬ್ಬಿ ಮಡಗಿ ನೋಡಿವ್ನಿ. ಕೊಡ ಮಡಗಿದ್ರೆ ಆಗಕ್ಕಿಲ್ಲ, ಅದಕ್ಕೆ ಹೊಟ್ಟೆ ಐತೆ. ನೆಟ್ಟಗಿರೋ ಡಬ್ಬಿ ಆದ್ರೆ ಯಾವುದಾದ್ರೂ ಒಂದೇಯ."

"ಹಾಗಾದ್ರೆ ಕಾಫಿ ಲೋಟ ಇಟ್ರೂ ಅಷ್ಟೇ, ಕೆರೆಯಷ್ಟು ದೊಡ್ಡ ಡಬ್ಬಿ ಇಟ್ರೂ ಅಷ್ಟೇ ಅನ್ನಿ!" ಎಂದೆ ನಾನು, ಮಕ್ಕಳ ಕಡೆ ತಿರುಗಿ.

"ಹೂಂ ಸಾ. ಅಷ್ಟೇ."

ಎಲ್ಲರೂ ನಕ್ಕರು. ನಗಿಸಬೇಕೆಂದೇ ನಾನು ಹಾಗೆ ಹೇಳಿದ್ದು. ಸಾಹುಕಾರರು ನಕ್ಕರು, ರೈಟರು ನಕ್ಕರು. "ಇದು ಗಣಿತ ಕಣಮ್ಮ, ಕಣ್ಣಂದಾಜಲ್ಲ" ಎಂದು ಮೇಲಿಂದ ಇನ್ನೊಂದು ಹಾಕಿದೆ. ಆಕೆ ಡಬ್ಬಿ ಎತ್ತಿಕೊಂಡು ಸೆರಗಿನಲ್ಲಿ ಒರೆಸಿದರು. ಮುಂದಿನ ಬೆಂಚಿನಲ್ಲಿದ್ದ ಮಗಳು ತಲೆ ತಗ್ಗಿಸಿ ಪೆನ್ಸಿಲ್ ನೋಡುತ್ತ ಕೂತಿದ್ದಳು. ಅವಳೊಬ್ಬಳು ನಗಲಿಲ್ಲ.

ಸೋಮವಾರ ಒಂಬತ್ತನೇ ಕ್ಲಾಸಿನಲ್ಲಿ ಸಿಲಿಂಡರಿನ ಗಾತ್ರದ ಪಾಠ. ಶನಿವಾರದ ಗೆಲುವನ್ನು ಇನ್ನೊಮ್ಮೆ ಸವಿಯುವ ಆಸೆಯಿಂದ ಅದೇ ಡಬ್ಬಿಯ ಉದಾಹರಣೆ ತೆಗೆದುಕೊಂಡೆ. ಬಾಯಿಯ ವಿಸ್ತೀರ್ಣವನ್ನು ಮಳೆಯ ಎತ್ತರದಿಂದ ಗುಣಿಸಿದರೆ ಡಬ್ಬಿಗೆ ಬಿದ್ದ ನೀರಿನ ಗಾತ್ರ. ಆ ನೀರು ಡಬ್ಬಿಯಲ್ಲಿ ಎಷ್ಟು ಎತ್ತರ ನಿಲ್ಲುತ್ತದೆ? ಗಾತ್ರವನ್ನು ತಳದ ವಿಸ್ತೀರ್ಣದಿಂದ ಭಾಗಿಸಬೇಕು. ಬರೆದೆ. ಮೇಲೆ ವಿಸ್ತೀರ್ಣ, ಕೆಳಗೂ ಅದೇ ವಿಸ್ತೀರ್ಣ. ಅಭ್ಯಾಸಬಲದಿಂದ ಎರಡನ್ನೂ ಹೊಡೆದುಹಾಕಿದೆ. ಉಳಿದದ್ದು ಮಳೆಯ ಎತ್ತರ, ಬರೀ ಅದೊಂದೇ. ನಾಲ್ಕಿಂಚಿನ ಡಬ್ಬಿಗೂ ಅದೇ, ಐದಿಂಚಿಗೂ ಅದೇ, ಲೋಟಕ್ಕೂ ಅದೇ, ಕೆರೆಗೂ ಅದೇ.

ಸೀಮೆಸುಣ್ಣ ಹಿಡಿದ ಕೈ ಹಾಗೇ ನಿಂತಿತು. ನಾನು ಎಲ್ಲಿ ಎಡವಿದ್ದೆ ಎನ್ನುವುದು ಒಂದೇ ಸಲಕ್ಕೆ ಕಾಣಿಸಿತು. ಗೇಜಿನ ನೀರು ಅಗಲದ ಆಲಿಕೆಯಿಂದ ಸಪೂರ ಗಾಜಿಗೆ ಹೋಗುತ್ತದೆ. ಮೇಲಿನ ಅಗಲ ಬೇರೆ, ಕೆಳಗಿನ ಅಗಲ ಬೇರೆ, ಅದಕ್ಕೇ ಅಲ್ಲಿ ಗುಣಾಕಾರ ಭಾಗಾಕಾರ ಬೇಕು, ಅದನ್ನು ಗಾಜಿನ ಗೆರೆಗಳಲ್ಲೇ ಮಾಡಿಟ್ಟಿರುತ್ತಾರೆ. ಡಬ್ಬಿಗೆ ಮೇಲೂ ಕೆಳಗೂ ಒಂದೇ ಅಗಲ. ಅಲ್ಲಿ ಲೆಕ್ಕವೇ ಇಲ್ಲ, ಅಡಿಪಟ್ಟಿ ಇಟ್ಟು ಓದಿಕೊಳ್ಳುವುದಷ್ಟೇ. ಪಕ್ಕದ ಎಸ್ಟೇಟಿನ ಅಂಕಿಗೆ ನನ್ನದು ಹೊಂದಿದ್ದು ಕಾಕತಾಳೀಯ. ಆ ಗುಡ್ಡಗಾಡಿನಲ್ಲಿ ಒಂದು ದಿಬ್ಬ ದಾಟಿದರೆ ಮಳೆ ಬೇರೆ.

ಎಷ್ಟು ಚೆಂದದ ವಿಚಾರ ಅದು! ಮಕ್ಕಳಿಗೆ ತೋರಿಸಲೆಂದೇ ನಾನು ಹುಡುಕಿಕೊಂಡು ಹೋಗುತ್ತಿದ್ದ ಜಾತಿಯದು.

"ಎರಡೂ ಒಂದೇ ಬಂತಲ್ಲ ಸಾ" ಎಂಬ ದನಿ ಕೇಳಿತು. ಆಕೆಯ ಮಗಳು ಎದ್ದು ನಿಂತಿದ್ದಳು.

"ತಪ್ಪು ಬರೆದಿದ್ದೀನಿ, ಕೂತ್ಕೋ" ಎಂದು ಹೇಳಿ ಬೋರ್ಡು ಒರೆಸಿದೆ. ಸರಿಯಾಗಿ ಬರೆದದ್ದನ್ನು ತಪ್ಪು ಎಂದು ಹೇಳಿ, ಸರಿಯಾಗಿ ಕಂಡವಳನ್ನು ಕೂರಿಸಿದೆ. ಮೂವತ್ತು ವರ್ಷ ಪಾಠ ಮಾಡಿದ್ದೇನೆ, ತಪ್ಪು ಉತ್ತರ ಎಷ್ಟೋ ಸಲ ಹೇಳಿದ್ದೇನೆ, ತಿದ್ದಿಕೊಂಡಿದ್ದೇನೆ. ಇದಕ್ಕೆ ಮಾತ್ರ ಈಗಲೂ ಮುಖ ಬಿಸಿಯಾಗುತ್ತದೆ.

ಆಗಿನ್ನೂ ಸಮಯ ಇತ್ತು. ಮಳೆ ಬಂದು ಮೂರೇ ದಿನ. ಶಾಲೆ ಬಿಟ್ಟ ತಕ್ಷಣ ಸೈಕಲ್ ಹತ್ತಿ ಹೋಗಿ "ತಪ್ಪು ಲೆಕ್ಕ ಹೇಳಿದೆ, ಸ್ಪ್ರಿಂಕ್ಲರ್ ಹಾಕಿಸಿ" ಅಂದಿದ್ದರೆ ಮುಗಿಯುತ್ತಿತ್ತು. ಹೋಗಲಿಲ್ಲ. ನಾಳೆ ಹೋದರಾಯಿತು ಅಂದುಕೊಂಡೆ. ಮತ್ತೆ ಮಳೆ ಬಂದರೂ ಬಂದೀತು ಎಂದು ಆಕಾಶ ನೋಡಿದೆ. ನನಗೆ ಮಳೆ ಬೇಕಾಗಿದ್ದು ಗಿಡಕ್ಕಲ್ಲ, ನನ್ನ ಮಾನಕ್ಕೆ.

ಮಂಗಳವಾರ ಸಂಜೆ ರಸ್ತೆಯಲ್ಲಿ ನಡೆದು ಬರುತ್ತಿದ್ದಾಗ ಸಾಹುಕಾರರ ಜೀಪು ಪಕ್ಕದಲ್ಲೇ ನಿಂತಿತು.

"ಹತ್ತಿ ಮೇಷ್ಟ್ರೇ, ಹಾನುಬಾಳಿಗೆ ಬುಡ್ತೀನಿ" ಅಂದರು. ಹತ್ತಿದೆ. ಜೀಪು ಓಡಿಸುತ್ತಲೇ ಮಾತಾಡಿದರು. "ನೀವು ಹೇಳಿದ್ದು ಒಳ್ಳೇದಾಯ್ತು ಮಾರಾಯ್ರೆ. ಪೈಪೆಲ್ಲ ಹೊರಗೆ ಹಾಕ್ಸಿದ್ದೆ, ವಾಪಸ್ ಸ್ಟೋರಿಗೆ ಸೇರಿಸ್ಬುಟ್ಟೆ. ಇರೋ ನೀರು ಮುಂದಿನ ತಿಂಗಳಿಗಾಯ್ತು. ಆ ಹೆಂಗಸು ನಿನ್ನೇನೂ ಬಂದು ಹೇಳ್ತಾವ್ಳೆ, ಸಾಹುಕಾರ್ರೇ ಇಂಚು ಆಗಿಲ್ಲ, ನೀರು ಕೊಡಿ ಅಂತ. ಮೇಷ್ಟ್ರಿಗಿಂತ ನಿಂಗೆ ಗೊತ್ತೇನಮ್ಮ ಅಂತ ಗದರಿಸಿ ಕಳ್ಸಿದೆ."

ಹಾನುಬಾಳು ಬರಲು ಕಾಲು ಗಂಟೆ ಹಿಡಿಯಿತು. ಹೇಳಿಬಿಡಬೇಕು ಎಂದು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ. ಒಂದು ತಿರುವಿನಲ್ಲಿ ಬಾಯಿ ತೆರೆದೆ ಕೂಡ. "ಸೆಕೆ ಜಾಸ್ತಿ ಈ ವರ್ಷ" ಅಂದೆ. ಸಾಹುಕಾರರು ಹೌದೆಂದರು. ಬಸ್ ಸ್ಟ್ಯಾಂಡಿನಲ್ಲಿ ಇಳಿಸಿ, ಹೋಟೆಲಿನಲ್ಲಿ ಕಾಫಿ ಕುಡಿಸಿಯೇ ಹೋದರು. ಕುಡಿದೆ.

ಹತ್ತನೇ ದಿನ ಹೂವು. ಪಕ್ಕದ ಎಸ್ಟೇಟಿನ ದಿಬ್ಬ ಪೂರ್ತಿ ಬೆಳ್ಳಗಾಗಿತ್ತು, ಶಾಲೆಯ ಜಗಲಿಯವರೆಗೂ ವಾಸನೆ ಬರುತ್ತಿತ್ತು. ಈ ಕಡೆ ಸಾಹುಕಾರರ ತೋಟದಲ್ಲಿ ಅಲ್ಲೊಂದು ಗಿಡ ಇಲ್ಲೊಂದು ಗಿಡ. ಉಳಿದದ್ದೆಲ್ಲ ಕೆಂಪಗೆ ಮುದುಡಿದ ಮೊಗ್ಗು. ಆ ಶನಿವಾರ ರೈಟರು ಒಬ್ಬರೇ ಬಂದರು. ಏನಾಯಿತು ಎಂದು ಅವರೇ ಹೇಳಿದರು, ನಾನು ಕೇಳಲಿಲ್ಲ.

"ಸಾಹುಕಾರ್ರು ಶಾನೆ ಬೇಜಾರಾಗವ್ರೆ. ಮೇಷ್ಟ್ರ ಲೆಕ್ಕ ತಪ್ಪಾಗಕ್ಕಿಲ್ಲ, ಅವ್ಳು ಅಡಿಪಟ್ಟೀನೇ ಸರಿಯಾಗಿ ನೋಡಿಲ್ಲ, ಎಂಬತ್ತೂ ಬಿದ್ದಿರಕ್ಕಿಲ್ಲ ಅಂದ್ರು. ಗೇಜ್ ನೋಡೋ ಕೆಲ್ಸ ನಂಗೆ ಒಪ್ಪಿಸವ್ರೆ. ಅವಳನ್ನ ಕಳೆ ತೆಗಿಯೋ ಗುಂಪಿಗೆ ಹಾಕಿದ್ರು."

ಹಿಂದಿನ ಬೆಂಚು ಖಾಲಿ ಇತ್ತು. ನಾನು ಏನು ಮಾಡಿದೆ ಗೊತ್ತೇ? ಪಾಠ ಮಾಡಿದೆ. ಲೋಲಕದ ದಾರಕ್ಕೆ ಒಮ್ಮೆ ಸಣ್ಣ ಕಲ್ಲು, ಒಮ್ಮೆ ದೊಡ್ಡ ಕಲ್ಲು ಕಟ್ಟಿ ತೂಗಿಸಿ, ತೂಕ ಎಷ್ಟಾದರೂ ಅದು ಹೋಗಿಬರುವ ಸಮಯ ಅಷ್ಟೇ ಎಂದು ತೋರಿಸಿದೆ. ಮಕ್ಕಳು ಬೆರಗಾದರು. ಮಗಳು ಬಂದಿರಲಿಲ್ಲ. ಅವಳು ಕ್ಲಾಸಿಗೆ ದಿನಾ ಬರುತ್ತಿದ್ದಳು. ಆದರೆ ಆಮೇಲೆ ಎದ್ದು ನಿಂತು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಾನಾಗಿ ಕೇಳಿದರೆ "ಗೊತ್ತಿಲ್ಲ ಸಾ" ಅನ್ನುತ್ತಿದ್ದಳು. ಗೊತ್ತಿದ್ದೇ ಹಾಗನ್ನುತ್ತಿದ್ದಳು.

ಪರೀಕ್ಷೆ ಮುಗಿಯಿತು, ಬೇಸಿಗೆ ರಜೆಗೆ ಊರಿಗೆ ಹೋದೆ. ಊರಿನಲ್ಲಿ ಎರಡು ತಿಂಗಳು ಇದೇ ಕೊರೆಯಿತು. ಜೂನಿನಲ್ಲಿ ವಾಪಸು ಬಂದವನು ಮೊದಲ ಭಾನುವಾರವೇ ಧೈರ್ಯ ಮಾಡಿ ಲೈನಿಗೆ ಹೋದೆ. ಸಣ್ಣಗೆ ಮಳೆ ಹಿಡಿದಿತ್ತು. ಆಕೆ ಬಾಗಿಲ ಮುಂದೆ ಪ್ಲಾಸ್ಟಿಕ್ ಕೊಪ್ಪೆ ಹೊದ್ದುಕೊಂಡು ಸೌದೆ ಒಳಗೆ ಹಾಕುತ್ತಿದ್ದರು. ನನ್ನನ್ನು ಕಂಡು ಗಾಬರಿಯಾಗಿ ಮಣೆ ತಂದಿಟ್ಟರು. ಕೂರಲು ಮನಸ್ಸಾಗಲಿಲ್ಲ.

"ಅವತ್ತು ಡಬ್ಬಿ ಲೆಕ್ಕದಲ್ಲಿ ನೀವು ಹೇಳಿದ್ದೇ ಸರಿ ಇತ್ತು. ನಂದೇ ತಪ್ಪು" ಎಂದೆ. ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದ ಮಾತುಗಳು ಬಹಳ ಇದ್ದವು. ಹೊರಗೆ ಬಂದದ್ದು ಇಷ್ಟೇ.

"ಗೊತ್ತು ಸಾ" ಅಂದರು. ಕೋಪ ಇರಲಿಲ್ಲ. "ಸೋಮವಾರನೇ ಮಗಳು ಬಂದು ಹೇಳಿದ್ಲು, ಸಾರು ಬೋರ್ಡ್ ಮೇಲೆ ನೀನು ಹೇಳಿದ್ದನ್ನೇ ಬರೆದು ಒರೆಸ್ಬುಟ್ರು ಅಂತ. ನಿಮಗೆ ಗೊತ್ತಾಗೈತೆ, ಇನ್ನೇನು ಬಂದು ಹೇಳ್ತೀರಾ ಅಂತ ಮೂರು ದಿನ ನೋಡಿದೆ."

ಕೊಡೆಯ ನೀರು ನನ್ನ ಚಪ್ಪಲಿಯ ಮೇಲೆ ಬೀಳುತ್ತಿತ್ತು.

"ಸಾಹುಕಾರ್ರಿಗೆ ಹೇಳಿದ್ರಾ?" ಎಂದು ಕೇಳಿದರು.

"ಇಲ್ಲ. ಇನ್ನೂ ಇಲ್ಲ."

ಆಕೆ ಕೊಪ್ಪೆ ಸರಿಮಾಡಿಕೊಂಡರು.

"ಮತ್ತೆ ನಂಗ್ಯಾಕೆ ಹೇಳ್ತೀರಾ ಸಾ? ಇದು ನಂಗೆ ಗೊತ್ತಿದ್ದದ್ದೇ ಅಲ್ವಾ. ಗೊತ್ತಿಲ್ಲದೋರಿಗೆ ಹೇಳಿ."

ಅಷ್ಟು ಹೇಳಿ ಉಳಿದ ಸೌದೆ ಎತ್ತಿಕೊಂಡು ಒಳಗೆ ಹೋದರು. ನಾನು ತಲೆ ತಗ್ಗಿಸಿಕೊಂಡು ಬಂದೆ. ಎಸ್ಟೇಟಿನ ಬಂಗಲೆ ದಾರಿಯಲ್ಲೇ ಇತ್ತು, ಗೇಟು ತೆರೆದಿತ್ತು, ಸಾಹುಕಾರರು ವರಾಂಡದಲ್ಲಿ ಪೇಪರ್ ಓದುತ್ತಿದ್ದುದು ರಸ್ತೆಗೇ ಕಾಣುತ್ತಿತ್ತು. ಕೊಡೆಯನ್ನು ಆ ಕಡೆಗೆ ಓರೆ ಮಾಡಿಕೊಂಡು ದಾಟಿದೆ.

ಅದಾದ ಮೇಲೆ ಇನ್ನೂ ಮೂರು ವರ್ಷ ಅಲ್ಲಿದ್ದೆ. ಹಬ್ಬಕ್ಕೆ, ಹುಣ್ಣಿಮೆಗೆ ಸಾಹುಕಾರರ ಮನೆಗೆ ಊಟಕ್ಕೆ ಕರೆ ಬರುತ್ತಿತ್ತು, ಹೋಗುತ್ತಿದ್ದೆ. ಬಂದ ನೆಂಟರಿಗೆಲ್ಲ ಅವರು ನನ್ನನ್ನು ತೋರಿಸಿ, "ಲೆಕ್ಕದಲ್ಲಿ ನಮ್ಮ ಮೇಷ್ಟ್ರನ್ನ ಮೀರಿಸೋರಿಲ್ಲ ಕಣ್ರೀ" ಅನ್ನುತ್ತಿದ್ದರು. ನಾನು ಎಲೆಯ ಮೇಲೆ ಕಣ್ಣಿಟ್ಟುಕೊಂಡು ಊಟ ಮಾಡುತ್ತಿದ್ದೆ.